ನೀರು ತಣಿಯುವ ತನಕ

ಕೂತ್ಕೋ ಪೆಡ್ನೇಕರ, ಯಂತ್ರ ಅಲ್ಲೇ ಕಟ್ಟೆ ಮೇಲಿಡು.
ನೆಟ್‌ವರ್ಕು ಬೈತಖೋಲದ ಗುಡ್ಡ ಹತ್ತಿ ಇಳಿದು ಬರೋದರೊಳಗೆ
ನಿನಗೊಂದು ಚಾ ಮಾಡಿಕೊಡ್ತೇನೆ.
ಹಾಲಿಲ್ಲ, ಸಕ್ಕರೆ ಇಲ್ಲ. ಹಾಗೆ ನೋಡಬೇಡ,
ಸಕ್ಕರೆ ನೀನೇ ಕೊಟ್ಟಿಲ್ಲ, ಆ ಮಾತು ಬೇರೆ.

ಪಾತ್ರೆ ಇಳಿಸಿದೆ. ಈಗಲೇ ಹೊಯ್ಯುವ ಹಾಗಿಲ್ಲ,
ಕುದಿಯೋ ನೀರು ಬಿದ್ದರೆ ಈ ಎಲೆ ಬೆಂದ ಹರಿವೆ ಆಗ್ತದೆ.
ತಣಿಯಲಿ. ಅಷ್ಟರಲ್ಲಿ ಕೇಳು.

ನಾನು ಹಡಗಿನಲ್ಲಿ ಭಂಡಾರಿ. ಇಪ್ಪತ್ತಾರು ವರ್ಷ
ಮಂದಿಯ ಹೊಟ್ಟೆ ನೋಡಿದವ, ಊರು ನೋಡಿದ್ದು ಕಡಿಮೆ.
ಒಮ್ಮೆ ಚೀನಾದ ನಿಂಗ್ಬೋದಲ್ಲಿ ಚುಕ್ಕಾಣಿ ಕೆಟ್ಟು
ಡಾಕಿನಲ್ಲಿ ಮೂವತ್ತೊಂದು ದಿನ.
ಕಾವಲಿನ ಶೆನ್ ಅಜ್ಜ ನನ್ನ ಬಂಗಡೆ ಸಾರಿಗೆ ಸೋತು
ತನ್ನೂರಿಗೆ ಕರೆದೊಯ್ದ. ಬಸ್ಸಿಳಿದರೆ ಗುಡ್ಡ,
ಗುಡ್ಡದ ತುಂಬ ಸೊಂಟದೆತ್ತರದ ಗಿಡ, ಮಂಜು.
ಏಪ್ರಿಲ್ ಮೊದಲ ವಾರ. ಹಿರಿಯರ ಗೋರಿ ಗುಡಿಸುವ ಹಬ್ಬಕ್ಕೆ
ಮೂರೇ ದಿನ. ಅದಕ್ಕೆ ಮೊದಲು ಕಿತ್ತದ್ದಕ್ಕೆ ಬೆಲೆ,
ಆಮೇಲಿನದು ನಮ್ಮಂಥವರು ಕುಡಿಯೋದು
ಅಂದ, ಕೈಸನ್ನೆಯಲ್ಲೇ.

ಒಂದು ಮೊಗ್ಗು, ಪಕ್ಕಕ್ಕೊಂದು ಎಲೆ. ಅಷ್ಟೇ.
ಉಗುರು ತಾಗಿಸಬಾರದು, ತಾಗಿದಲ್ಲಿ ಕಪ್ಪಾಗ್ತದೆ.
ಬಿದಿರ ತಟ್ಟೆಯಲ್ಲಿ ನೆರಳಿಗೆ ಹರಡಿ ಬಾಡಲು ಬಿಟ್ಟರು,
ತಲೆಯಲ್ಲಿಟ್ಟ ಜಾಜಿದಂಡೆ ಮಧ್ಯಾಹ್ನಕ್ಕೆ ಸೋಲುವಷ್ಟು,
ಹೆಚ್ಚಲ್ಲ.

ಆಮೇಲೆ ಬಾಣಲೆ. ಒಲೆಗೇ ಕೂರಿಸಿದ ಕಬ್ಬಿಣ.
ಅಜ್ಜನ ತಂಗಿ ಮೇಣದಂಥ ಎಣ್ಣೆ ಒರೆಸಿ ಎಲೆ ಸುರಿದಳು.
ಚಟಚಟ.
ಸೌಟಿಲ್ಲ. ಬಟ್ಟೆಯಿಲ್ಲ. ಬರಿಗೈ.
ಒತ್ತಿದಳು, ಎತ್ತಿ ಉದುರಿಸಿದಳು,
ಬಾಣಲೆಯ ಗೋಡೆಗೆ ಸವರಿ ಸವರಿ ಚಪ್ಪಟೆ ಮಾಡಿದಳು,
ನಾನು ಅಡುಗೆಯವ, ನನ್ನ ಕೈಯೇ ಹಿಂದೆ ಸರಿಯಿತು.
'ಹಸಿರು ಕೊಲ್ಲೋದು' ಅಂತ ಅದರ ಹೆಸರಂತೆ,
ಡಾಕಿನ ದುಭಾಷಿ ಆಮೇಲೆ ಹೇಳಿದ.
ಕೊಲ್ಲದಿದ್ದರೆ ಎಲೆ ತನ್ನಷ್ಟಕ್ಕೆ ಕಂದಿ ಕೆಂಪಾಗಿ
ನಾವು ದಿನಾ ಕುಡಿಯೋ ಚಾ ಆಗ್ತದೆ.
ಹಸಿರು ಉಳೀಬೇಕಾದರೆ ಮೊದಲೇ ಒಂದು ಸಲ ಸುಡಬೇಕು.
ನನಗೆ ಅರ್ಥ ಆಗಲಿಲ್ಲ. ಈಗಲೂ ಪೂರ್ತಿ ಆಗಿಲ್ಲ.

ಆರಿಸಿದರು, ಜರಡಿ ಹಿಡಿದರು, ಮತ್ತೆ ಬಾಣಲೆ, ಈ ಸಲ ಸಣ್ಣ ಬೆಂಕಿ.
ಬುಟ್ಟಿ ತುಂಬ ಇದ್ದದ್ದು ಕೊನೆಗೆ ಇದೇ ಡಬ್ಬಿಯಷ್ಟು.
ಮೂಸಿ ನೋಡು. ಹುರಿದ ಹೆಸರುಕಾಳು,
ಅದರ ಹಿಂದೆ ಎಲ್ಲೋ ಹುಲ್ಲು. ಹಳತಾಯಿತು, ಅರ್ಧ ವಾಸನೆ ಹೋಗಿದೆ.

ಹೊರಡುವಾಗ ಅವಳ ಅಂಗೈ ಕಂಡೆ.
ರೇಖೆಯೇ ಇಲ್ಲ. ಹಳೇ ಹಂಚಿನ ಹಾಗೆ ನುಣುಪು.
ಈ ಕೈ ನಮ್ಮ ಮನೆಯಲ್ಲೂ ಇದೆ
ಅನ್ನಲಿಕ್ಕೆ ನನ್ನ ಹತ್ತಿರ ಭಾಷೆ ಇರಲಿಲ್ಲ.

ಶೇವಂತೀ, ಬಾ ಹೊರಗೆ.
ಹದಿನೆಂಟು ವರ್ಷ ಗೇರುಬೀಜದ ಕಾರ್ಖಾನೆ, ಪೆಡ್ನೇಕರ.
ಎಷ್ಟು ಬೂದಿ ಸವರಿಕೊಂಡರೂ ಸಿಪ್ಪೆಯ ಎಣ್ಣೆ
ಬೆರಳಿನ ಗೆರೆಯನ್ನೆಲ್ಲ ತಿಂದು ಹಾಕಿತು.
ನಾಲ್ಕು ತಿಂಗಳಿಂದ ನಿನ್ನ ಯಂತ್ರ
ಇವಳನ್ನು ಇವಳಲ್ಲ ಅಂತಿದೆ.
ತಪ್ಪು ನಿನ್ನದಲ್ಲ. ಅಂಗಡಿ ಮುಚ್ಚಿ ಮನೆತನಕ ಬಂದಿದ್ದೀಯ,
ಅದಕ್ಕೇ ಈ ಡಬ್ಬಿ ತೆಗೆದದ್ದು.

ಈಗ ಮುಟ್ಟು ಪಾತ್ರೆ. ಮೂರು ಎಣಿಸುವ ತನಕ ಬೆರಳು ತಾಳ್ತದಾ?
ಹಾಗಾದರೆ ಆಯ್ತು.
ಲೋಟದೊಳಗೆ ನೋಡು, ಮೊದಲು ತೇಲ್ತದೆ,
ಆಮೇಲೆ ಒಂದೊಂದೇ ಕೆಳಗಿಳಿದು ನೆಟ್ಟಗೆ ನಿಲ್ತದೆ
ಕಾಳಿಯ ಅಳಿವೆಯಲ್ಲಿ ಕಾಂಡ್ಲದ ಸಸಿ ನಿಂತ ಹಾಗೆ.
ಸುಟ್ಟದ್ದು ನೆನಪೇ ಇಲ್ಲ ಅದಕ್ಕೆ.

ಶೇವಂತಿ, ಎರಡೂ ಕೈಯಲ್ಲಿ ಹಿಡಿ. ಬಿಸಿ ಬೆರಳಿಗಿಳಿಯಲಿ.
ನೋಡು, ಒಂದು ಗುಟುಕಿಗೇ ಮುಖ ಸೊಟ್ಟ!
'ಉಪ್ಪು ಹಾಕದ ಸೊಪ್ಪಿನ ನೀರು.
ಇದಕ್ಕೆ ಇಷ್ಟುದ್ದ ಕತೆಯಾ?'

ಹಾಂ, ಈಗ ಒತ್ತು. ಹೆಬ್ಬೆಟ್ಟು.
ಒತ್ತಿ ಹಿಡಿ, ಎತ್ತಬೇಡ.
ಚಕ್ರ ತಿರುಗ್ತಾ ಇದೆ.
ಕುಡಿ ಪೆಡ್ನೇಕರ, ಆರಿಹೋಗ್ತದೆ.
ಎಲೆ ಚೆಲ್ಲಬೇಡ,
ಇನ್ನೂ ಎರಡು ನೀರು ತಡೀತದೆ ಅದು.