ಪಶ್ಚಿಮ ದ್ವಾರ, ಬೆಳಿಗ್ಗೆ ಆರು

ನಿನ್ನೆಯೇ ಸುಣ್ಣ ಕಲಸಿ
ಗೇಟಿನಿಂದ ಕಡಲೆಕಾಯಿ ಗಾಡಿ ನಿಲ್ಲುತ್ತಿದ್ದ ಜಾಗದವರೆಗೆ
ಮೂವತ್ತೊಂದು ವೃತ್ತ ಬರೆದೆ.
ಕೊನೆಯದು ಸೊಟ್ಟ. ಬೆನ್ನು ನೋವು.

ಲಾಲ್‌ಬಾಗಿನ ಬೀಗಕ್ಕೆ ತುಕ್ಕು;
ಕೊಬ್ಬರಿ ಎಣ್ಣೆ ಬಿಟ್ಟು, ಬೈದು,
ತೆಗೆದ ಮುನಿಆಂಜಿನಪ್ಪ.

ಮೊದಲ ವೃತ್ತದಲ್ಲಿ ಫಿಲೋಮಿನಾ ಟೀಚರ್.
ಹಣೆಗೆ ಗನ್ನು ಹಿಡಿದರೆ
ಕಣ್ಣು ಮುಚ್ಚಿದರು, ತೀರ್ಥಕ್ಕೆ ನಿಂತವರ ಹಾಗೆ.
‘ತೊಂಬತ್ತೇಳು ಪಾಯಿಂಟ್ ಎರಡು. ಹೋಗಿ ಮೇಡಂ.’

ಹೋಗಲಿಲ್ಲ.
ಹಿಂದಿನ ವೃತ್ತದತ್ತ ತಿರುಗಿದರು.
ಖಾಲಿ.
ದಿನಾ ಜೊತೆಗೆ ಬರುತ್ತಿದ್ದರಲ್ಲ,
ಉಣ್ಣೆ ಟೋಪಿ, ಜೇಬಲ್ಲಿ ರೇಡಿಯೋ...
ನಾನು ಕೇಳಲಿಲ್ಲ.
ಮೂರನೆಯದರಲ್ಲಿದ್ದವನೂ ಮುಂದೆ ಸರಿಯದೆ
ಬೂಟಿನ ಲೇಸು ಬಿಚ್ಚಿ ಕಟ್ಟುತ್ತಿದ್ದ.

ಸ್ಯಾನಿಟೈಸರ್ ಕೈಗೆ ಸುರಿದೆ, ಜಾಸ್ತಿಯೇ ಆಯಿತು.
ಉಜ್ಜಿಕೊಳ್ಳುತ್ತಾ ಒಳಗೆ ನಡೆದರು,
ಅರ್ಧ ದಾರಿ ಬಿಟ್ಟುಕೊಂಡು,
ಎಡಗಡೆಯಲ್ಲಿ.

ನಾಳೆ ಬೇಗ ಬಂದು
ಆ ಸೊಟ್ಟದ್ದನ್ನು ಸರಿಮಾಡಬೇಕು.