ಎಂಟು ಒಂದು ಒಂದು ಎಂಟು

ಕುತೈಸಿಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ
ಕಾಲು ಮುರಿದ ಕುರ್ಚಿಗಳ ಹಿಂದೆ, ಹಳೆ ಪತ್ರಿಕೆಗಳ ಕಟ್ಟಿನ ನಡುವೆ
ಒಂದು ಪೆಟ್ಟಿಗೆ ಕೂತಿದೆ. ಫ್ಯಾನಿನ ಗುಂಯ್ ಬಿಟ್ಟರೆ ಮಾತಿಲ್ಲ.
ಮೇಲಿನ ಹನ್ನೆರಡು ಕಂಪ್ಯೂಟರುಗಳು
ಲೋಕಕ್ಕೆ ಹೋಗಬೇಕಾದರೆ ಇದರ ಹೊಸ್ತಿಲು ದಾಟಿಯೇ ಹೋಗಬೇಕು.
ಬಾಗಿಲ ನಂಬರು ಎಂಟು ಒಂದು ಒಂದು ಎಂಟು:
ಹೋಗುವಾಗ ಓದಿದರೂ ಬರುವಾಗ ಓದಿದರೂ ಒಂದೇ.

ಆ ಬಾಗಿಲಿಗೆ ಕಾವಲು ಹಾಕುವುದು ನನ್ನ ಕೂಲಿ.

ಮುಖ್ಯಸ್ಥೆ ತ್ಸಿಯಾಲಾ ಹೇಳಿದ್ದು ಇಷ್ಟು:
"ಶಾಲೆ ಬಿಟ್ಟ ಹುಡುಗರು ಬಸ್ಸಿನ ದುಡ್ಡು ಬಾಜಿ ಕಟ್ಟುತ್ತಾರೆ, ನಿಲ್ಲಿಸು.
ಮತ್ತೆ, ಇಲ್ಲಿ ಓದಿದ್ದು ಇಲ್ಲೇ ಇರಲಿ.
ಜಾಹೀರಾತಿನವರು ನನ್ನ ಓದುಗರ ಬೆನ್ನು ಹತ್ತಿ ಮನೆತನಕ ಹೋಗಬಾರದು."
ನಗರಸಭೆಯ ಮುರ್ಮಾನ್ ಫೋನಿನಲ್ಲಿ, ಏನೋ ಅಗಿಯುತ್ತ:
"ಯಾರು ಏನು ನೋಡಿದರು, ತಿಂಗಳ ಕೊನೆಗೊಂದು ಪಟ್ಟಿ."

ಮುಚ್ಚಿದ ಲಕೋಟೆ ನಾನು ಒಡೆಯುವುದಿಲ್ಲ,
ಮೇಲಿನ ವಿಳಾಸ ಸಾಕು.
ತೆರೆದ ಕಾಗದವಾದರೆ
ಎಲ್ಲಿಂದ ಬಂದೆ ಎಂಬ ಸಾಲು ಕತ್ತರಿಸಿದೆ,
ಜೇಬಿನ ಕುಕೀ ಚೂರುಗಳನ್ನು ಕೊಡವಿದೆ,
ಹನ್ನೆರಡಕ್ಕೂ ಬ್ರೌಸರಿನ ಒಂದೇ ಹೆಸರು,
ಒಂದೇ ಬೂದು ಕೋಟು, ಗುಂಡಿ ಹೆಚ್ಚಿಲ್ಲ ಕಡಿಮೆಯಿಲ್ಲ.
ಆಮೇಲೆ ತಡೆಪಟ್ಟಿ:
ವಿಳಾಸದಲ್ಲಿ ಎಲ್ಲೇ ಆಗಲಿ ಜೂಜು ಎಂಬ ಪದ ಕಂಡರೆ, ಬೇಡ.
ಹಿಂದೊಂದು ನಕ್ಷತ್ರ, ಮುಂದೊಂದು ನಕ್ಷತ್ರ.
ಬೆನ್ನು ತಟ್ಟಿಕೊಂಡೆ.

ಪರೀಕ್ಷೆಗೆಂದು ಒಂದು ವಾರ ದಿನಚರಿ ತೆರೆದಿಟ್ಟೆ.
ಏಳನೆಯ ಯಂತ್ರದಲ್ಲಿ ಹಕ್ಕಿಗಳು.
ಹತ್ತರಲ್ಲಿ ಪೋಲೆಂಡಿನ ಬಸ್ಸು, ಪೋಲೆಂಡಿನ ಬಾಡಿಗೆ ಮನೆ, ಪೋಲೆಂಡಿನ ಚಳಿ.
ನಾಲ್ಕರಲ್ಲಿ
ಸೋಮವಾರ ನಾಲ್ಕೂ ನಲವತ್ತು: ತಡೆಯಲಾಗಿದೆ.
ನಾಲ್ಕೂ ನಲವತ್ತೊಂದು: ತಡೆಯಲಾಗಿದೆ.
ಮಂಗಳವಾರ ಅದೇ ಹೊತ್ತು, ಆರು ಸಲ.
ಗುರುವಾರಕ್ಕೆ ಒಟ್ಟು ಹದಿನಾರು.
ಭಂಡ, ಅಂದುಕೊಂಡೆ. ನಕ್ಕೆ ಕೂಡ.
ಆಮೇಲೆ ವಿಳಾಸ ಪೂರ್ತಿ ಓದಿದೆ:
ಜೂಜು ಬಿಟ್ಟವರ ಕೂಟ.

ಜರಡಿಗೆ ಸಾವಿರ ಕಣ್ಣು, ನಿಜ.
ನೋಟ ಒಂದಕ್ಕೂ ಇಲ್ಲ.

ಮೇಲೆ ಹೋಗಿ ದೀಪ ಹಾಕಿದೆ.
ನಾಲ್ಕನೆಯ ಕೀಲಿಮಣೆಯ ಮೇಲೆ ಹಿಟ್ಟು,
ಸಂದಿಸಂದಿಯಲ್ಲಿ, ತೆಳ್ಳಗೆ, ಅಕ್ಷರಗಳ ಅಂಚಿಗೆ.
ಈ ಬೀದಿಯಲ್ಲಿ ಬಾವಿಯಂಥ ಒಲೆ ಮುಚ್ಚಿ
ಕೈ ಒರೆಸದೆ ಬರುವವನು ಒಬ್ಬನೇ.
ಕೋಟು ತೊಡಿಸಿದೆ, ಹೆಜ್ಜೆ ಅಳಿಸಿದೆ, ಹೆಸರು ಮರೆಸಿದೆ.
ಹಿಟ್ಟಿಗೆ ಮಾತ್ರ ನನ್ನ ನಿಯಮ ತಗಲಿರಲಿಲ್ಲ.

ಕೆಳಗಿಳಿದು ತಡೆಪಟ್ಟಿಯ ಬುಡದಲ್ಲಿ ಬರೆದೆ: ಇದೊಂದನ್ನು ಬಿಡು.
ಈ ಪೆಟ್ಟಿಗೆಯ ನ್ಯಾಯ ಹಾಗೆ, ಕೊನೆಗೆ ಆಡಿದ್ದೇ ಮಾತು.
ಮನುಷ್ಯರಲ್ಲಿ ಮೊದಲು ಕೂಗಿದವರದ್ದು.

ಇನ್ನು ದಿನಚರಿ.
ಬೇಲಿ ಎದ್ದು ಹೊಲ ಮೇಯಬೇಕೆಂದೇನಿಲ್ಲ,
ಯಾವ ಪೈರು ಎಲ್ಲಿದೆ ಎಂದು ಬರೆದಿಟ್ಟರಾಯಿತು,
ಮೇಯುವವರು ತಾವೇ ಬರುತ್ತಾರೆ.
ಆ ಸಾಲಿನ ಹಣೆಗೆ ಒಂದು ಅಡ್ಡಗೆರೆಗಳ ಗುರುತು ಇಟ್ಟೆ;
ಯಂತ್ರ ಅದನ್ನು ಓದದೆ ದಾಟುತ್ತದೆ.
ವಾರದ ಕಡತ ಅಳಿಸಿದೆ.
ಮುರ್ಮಾನನಿಗೆ ಕಾಗದ: ಯಂತ್ರ ಹನ್ನೆರಡು, ಎಲ್ಲ ನೆಟ್ಟಗಿವೆ,
ಒಂದು ಮೌಸು ಬದಲಿಸಬೇಕು.

ನನ್ನ ತಲೆಯೊಳಗಿನ ಸಾಲು ಹಾಗೇ ಉಳಿಯಿತು.
ಅದಕ್ಕೆ ಆ ಗುರುತು ಎಲ್ಲಿ ಇಡುವುದೋ.

ಒದ್ದೆ ಬಟ್ಟೆಯಿಂದ ನಾಲ್ಕನೆಯ ಕೀಲಿಮಣೆ ಒರೆಸಿದೆ.
ಅದೊಂದೇ ಹೊಳೆಯುವುದು ಕಂಡು
ಮಿಕ್ಕ ಹನ್ನೊಂದನ್ನೂ.

ಬೆಳಿಗ್ಗೆ ಜುಂಬೇರನ ಅಂಗಡಿ.
ದೋಣಿಯಾಕಾರದ ರೊಟ್ಟಿ, ಕೈ ಸುಡುವಷ್ಟು ಬಿಸಿ,
ಪತ್ರಿಕೆಯಲ್ಲಿ ಸುತ್ತಿ ಕೊಟ್ಟ.
"ಸರಿಯಾಯ್ತಾ, ನಿನ್ನ ಕಂಪ್ಯೂಟರು?"
"ಯಾವುದು?" ಅಂದೆ.
ಅವನು ಚಿಲ್ಲರೆ ಎಣಿಸಿದ,
ನಿಧಾನಕ್ಕೆ, ಎರಡು ಸಲ,
ಬೆರಳ ಹಿಟ್ಟು ನಾಣ್ಯಕ್ಕೆ ಹತ್ತುವಂತೆ.