ನಾಲ್ಕನೇ ಪ್ರೂಫ್

ಮೊದಲ ಪ್ರೂಫಿನಲ್ಲಿ ಚರಂಡಿ ಇತ್ತು.
ಬೋಳಾರದ ನಮ್ಮ ಓಣಿಯ ಚರಂಡಿ,
ಹೊಳೆಗೆ ಭರತ ಬಂದಾಗ ಹಿಂದಕ್ಕೆ ಹರಿದು
ಲಿಲ್ಲಿಬಾಯಿಯ ಅಡುಗೆಮನೆಯಲ್ಲಿ ಚೊಂಬು ತೇಲಿಸುವ ಚರಂಡಿ.
ಉದ್ದ ಮುನ್ನೂರ ನಲವತ್ತು ಮೀಟರು,
ಹನ್ನೆರಡು ಪಾಯಿಂಟಿನಲ್ಲಿ, ಖರ್ಚಿನ ಅಂದಾಜು ಸಮೇತ.
ವಾರಿಜ ಟೀಚರೇ ಟೇಪು ಹಿಡಿದು ಅಳೆದದ್ದು.
ಟೇಪಿನ ಇನ್ನೊಂದು ತುದಿ ಹಿಡಿದವನು ಹಸನಬ್ಬ,
ನಮ್ಮ ಪ್ರೆಸ್ಸಿನ ಕಟ್ಟಿಂಗ್ ಮಿಷನಿನವನು.

ಎರಡನೇ ಪ್ರೂಫ್ ಮಠಕ್ಕೆ ಹೋಗಿ ಬಂತು.
"ಒಮ್ಮೆ ಗುರುಗಳು ನೋಡಲಿ, ಅಷ್ಟೇ ಮಾರಾಯ," ಅಂದಿದ್ದರು ಟೀಚರ್.
ಮೂಲೆಯಲ್ಲೊಂದು ಕೆಂಪು ಗುರುತು.
ತಿದ್ದುಪಡಿಯೋ ಕುಂಕುಮವೋ ತಿಳಿಯದೆ
ಉಗುರಿನಲ್ಲಿ ಕೆರೆದು ನೋಡಿದೆ.
ಹುಡಿ ಉದುರಿತು. ಕುಂಕುಮ.
ಅದರಡಿಯಲ್ಲೇ ಪೆನ್ನಿನ ಗೀಟೂ ಇತ್ತು.

ಗುರುಗಳ ಪಟ ಮೇಲೆ, ಬಲಗೈ ಎತ್ತಿ.
ಟೀಚರ್ ಕೆಳಗೆ, ತಲೆ ತುಸು ಬಾಗಿ.
ಅಂಗೈ ಸರಿಯಾಗಿ ನೆತ್ತಿಯ ಮೇಲೆ ಕೂರಲೆಂದು
ಮೌಸಿನಲ್ಲಿ ಎಳೆದವನು ನಾನೇ,
ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ಕೆಳಕ್ಕೆ.
ಆಶೀರ್ವಾದಕ್ಕೆ ಜಾಗ ಬೇಕಲ್ಲ,
ಚರಂಡಿಯನ್ನು ಎಂಟು ಪಾಯಿಂಟಿಗೆ ಇಳಿಸಿದೆ.

ನಾನು ದೇವರಿಲ್ಲದವನಲ್ಲ.
ಬೊಬ್ಬರ್ಯನ ಗುಡಿಗೆ ಸಂಕ್ರಮಣಕ್ಕೆ ಎಣ್ಣೆ ಕೊಡುತ್ತೇನೆ,
ಬೆಳಿಗ್ಗೆ ಕಂಪ್ಯೂಟರ್ ಹಾಕುವ ಮೊದಲು ಕೀಬೋರ್ಡಿಗೆ ಕೈಮುಗಿಯುತ್ತೇನೆ.
ಟೀಚರ್ ಯಾವ ಸ್ತೋತ್ರ ಹೇಳುತ್ತಾರೆಂದು ಕೇಳಿದವನೂ ಅಲ್ಲ.
ಆದರೆ ಬೊಬ್ಬರ್ಯ ಇದುವರೆಗೆ ನನ್ನಲ್ಲಿ
ಪ್ರೂಫ್ ಕಳಿಸು ಅಂದಿಲ್ಲ.

ಮೂರನೆಯದರ ಜೊತೆಗೆ ಒಬ್ಬ ಹುಡುಗ
ಮತದಾರರ ಪಟ್ಟಿ ತಂದ, ಜೆರಾಕ್ಸಿಗೆ.
ಹೆಸರುಗಳ ಮುಂದೆ ಮೂರು ಬಣ್ಣದ ಪೆನ್ನು.
ನನಗೆ ಒಂದು ರೈಟು.
ಎರಡು ಮನೆ ಆಚೆ ಹಸನಬ್ಬ, ಬೀಫಾತಿಮಾ, ಮಗಳು ಝುಲೈಖಾ,
ಮೂವರಿಗೂ ಸೇರಿ ಒಂದೇ ಗೀಟು.
ನಮ್ಮದು ಕಪ್ಪುಬಿಳುಪಿನ ಹಳೇ ಮಿಷನ್,
ಎಲ್ಲಾ ಬಣ್ಣ ಒಂದೇ ಬೂದಿಯಾಗಿ ಹೊರಬಂದವು.
"ಇದರಲ್ಲಿ ಯಾರು ಯಾರೆಂದು ಎಂತ ಗೊತ್ತಾಗ್ತದೆ?"
ಹುಡುಗ ಸಿಟ್ಟಾದ.

ಏಳನೇ ಕ್ಲಾಸಿನಲ್ಲಿ ಭಾಗಾಕಾರ ಕಲಿಸಿದ್ದು ಇದೇ ಟೀಚರ್.
ಶೇಷ ಉಳಿದರೆ ಅಡಗಿಸಬೇಡಿ,
ಪಕ್ಕದಲ್ಲಿ ಕಾಣುವ ಹಾಗೆ ಬರೆಯಿರಿ, ಅನ್ನುತ್ತಿದ್ದರು.
ಅಡಗಿಸಿದ್ದಕ್ಕೆ ನನಗೆ ಪೆಟ್ಟು ಬಿದ್ದಿತ್ತು.
ಹಸನಬ್ಬ ಬರೆದಿದ್ದ.

ನಿನ್ನೆ ಸಂಜೆ ತಾವೇ ಬಂದರು.
ಮಣಿಕಟ್ಟಿನಲ್ಲಿ ಹೊಸ ನೂಲು, ಕಣ್ಣಿನಡಿ ನಿದ್ದೆಗೇಡು.
ನಾಲ್ಕನೇ ಪ್ರೂಫಿನಲ್ಲಿ ಚರಂಡಿ ಇಲ್ಲ.
'ಧರ್ಮ ಉಳಿದರೆ ಊರು ಉಳಿದೀತು',
ಇಪ್ಪತ್ತನಾಲ್ಕು ಪಾಯಿಂಟು, ದಪ್ಪಕ್ಷರ.
"ಚರಂಡಿ?" ಅಂದೆ.
"ಗೆದ್ದ ಮೇಲೆ ಮಾಡುವ," ಅಂದರು.
ಆಮೇಲೆ, ತಮಗೇ ಹೇಳಿಕೊಂಡ ಹಾಗೆ,
"ಅಲ್ಲಿ ಒಮ್ಮೆ ಕೇಳಿ."
ಹೊಳೆಯ ಭರತಕ್ಕೂ ಅಪ್ಪಣೆ ಬೇಕಾ ಟೀಚರೇ,
ನಾನು ಕೇಳಲಿಲ್ಲ. ಬಿಲ್ಲು ಬಾಕಿ ಇತ್ತು.

ಮುದ್ರಿಸಬಹುದು ಎಂಬಲ್ಲಿ ಸಹಿ ಬೇಕು.
ಪೆನ್ನು ತೆರೆದರು, ಫೋನು ನೋಡಿದರು.
ಅದು ಬೆಳಗುವ ತನಕ ಪೆನ್ನಿನ ತುದಿ
ಕಾಗದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ ನಿಂತೇ ಇತ್ತು.
ಬೋರ್ಡಿನ ಮೇಲೆ ಸೀಮೆಸುಣ್ಣ ಯಾವತ್ತೂ
ಹಾಗೆ ನಿಂತದ್ದು ನಾನು ಕಂಡಿಲ್ಲ.
ನಾಳೆ ಪಾಲಿಕೆಯಲ್ಲಿ, ನಮ್ಮ ಓಣಿಯ ಕಡತ ಮುಂದಿದ್ದಾಗ
ಎಷ್ಟು ಹೊತ್ತು ನಿಂತೀತು?

ಹಸನಬ್ಬ ಮಿಷನ್ ನಿಲ್ಲಿಸಿ ಬಂದ.
ಅವರು ಪ್ರೂಫನ್ನು ಮೆಲ್ಲ ಮಗುಚಿಟ್ಟರು.
ಅವನು ಬೆಳಿಗ್ಗೆಯೇ ಓದಿಯಾಗಿತ್ತು.
"ಟೀಚರಿಗೆ ಚಾ ಹೇಳ್ಲಾ?" ಅಂದ.
ಚಾ ಬಂತು. ನಮ್ಮ ಮೇಜಿನ ಒಂದು ಕಾಲು ಕುಂಟು.
ಕತ್ತರಿಸಿ ಬಿದ್ದ ಅಂಚುಗಳ ರಾಶಿಯಿಂದ
ಉಳಿಕೆಯ ಒಂದು ಪಟ್ಟಿ ಎತ್ತಿ, ನಾಲ್ಕಾಗಿ ಮಡಚಿ,
ಕೆಳಗೆ ಬಗ್ಗಿ ಅದರಡಿಗೆ ತುರುಕಿದ,
ಟೀಚರ ಚಾ ಚೆಲ್ಲದಿರಲೆಂದು.